ಕುಂಡಕ್ಕೆ ದುಡ್ಡಿಲ್ಲ, ಮಳೆಗೆ ಗಿಡ ನಿಲ್ಲುವುದಿಲ್ಲ: ಮಹಡಿಯ ಮೇಲೆ ಏನು ಬೆಳೆಯಲಿ?

ಪ್ರಶ್ನೆ: ಕಾರವಾರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅಂಗಳವಿಲ್ಲ, ಮಹಡಿಯ ಮೇಲೆ ಸ್ವಲ್ಪ ಜಾಗವಿದೆ. ಕುಂಡ, ಮಣ್ಣು, ಗೊಬ್ಬರದ ಲೆಕ್ಕ ಹಾಕಿದರೆ ಪೇಟೆಯ ತರಕಾರಿಯೇ ಅಗ್ಗ ಅನಿಸುತ್ತದೆ. ಹೋದ ಮಳೆಗಾಲದಲ್ಲಿ ಹಾಕಿದ ಟೊಮೆಟೊ ಎಲೆ ಹಸಿರಿರುವಾಗಲೇ ಸೊರಗಿ ಸತ್ತಿತು. ಕಡಿಮೆ ಖರ್ಚಿನಲ್ಲಿ ಏನು ಬೆಳೆಯಬಹುದು?

ಉತ್ತರ: ಮೊದಲು ಬಸಳೆ ಹಾಕಿ. ಟೊಮೆಟೊ ಮಳೆ ಮುಗಿದ ಮೇಲೆ ನೋಡೋಣ.

ಸಂತೆಯಿಂದ ಒಂದು ಕಟ್ಟು ಬಸಳೆ ತಂದರೆ ಎಲೆ, ಎಳೆ ದಂಟು ಅಡುಗೆಗಿರಲಿ. ಬುಡದ ಬಲಿತ ದಂಟನ್ನು ಮೂರ್ನಾಲ್ಕು ಗೆಣ್ಣು ಬರುವಂತೆ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಊರಿ, ಒಂದು ವಾರ ನೆರಳಲ್ಲಿಡಿ. ಗೆಣ್ಣಿನಿಂದಲೇ ಬೇರು ಬರುತ್ತದೆ. ಬೀಜದ ಖರ್ಚೇ ಇಲ್ಲ. ತೊಂಡೆಯೂ ಹೀಗೆ ಬಳ್ಳಿಯ ತುಂಡಿನಿಂದಲೇ ಬರುತ್ತದೆ. ಹರಿವೆಗೆ ಮಾತ್ರ ಮೊದಲ ಸಲ ಬೀಜ ಕೊಳ್ಳಬೇಕು. ಒಂದು ಗಿಡವನ್ನು ಕೀಳದೆ ತೆನೆ ಬಿಡಲು ಬಿಟ್ಟರೆ ಮುಂದಿನ ವರ್ಷಕ್ಕೆ ಸಾಕಾಗಿ ನೆರೆಮನೆಗೂ ಕೊಡಬಹುದು. ಬಿತ್ತಿದ ತಿಂಗಳೊಳಗೆ ಸೊಪ್ಪು ಕೈಗೆ ಸಿಗುವ ಬೆಳೆ ಅದು.

ಕುಂಡ ಕೊಳ್ಳಲೇಬೇಡಿ. ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆ ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆಗಳ ಅಂಚು ಮುರಿದರೆ ಬಿಸಾಡುತ್ತಾರೆ, ಕೇಳಿ ತನ್ನಿ. ಹಗುರವಾದ್ದರಿಂದ ಮಹಡಿಗೆ ಭಾರ ಕಡಿಮೆ, ಬೇರಿಗೆ ಬಿಸಿಲಿನ ಝಳವೂ ತಾಗುವುದಿಲ್ಲ. ಉಪ್ಪಿನಂಶ ಹೋಗುವಂತೆ ತೊಳೆದು ತಳಕ್ಕೆ ಆರೇಳು ತೂತು ಮಾಡಿ. ಅಕ್ಕಿ ಚೀಲವೂ ಆದೀತು, ಆದರೆ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಕೀಟನಾಶಕ ತುಂಬಿದ್ದ ಡಬ್ಬ ಎಷ್ಟು ತೊಳೆದರೂ ಬೇಡ.

ಕೈಯಲ್ಲಿರುವ ದುಡ್ಡನ್ನೆಲ್ಲ ಒಳ್ಳೆಯ ಹಳೆಯ ಸಗಣಿ ಗೊಬ್ಬರಕ್ಕೆ ಹಾಕಿ, ಯಾಕೆಂದರೆ ನಮ್ಮ ಕೆಂಪು ಮಣ್ಣು ಪೆಟ್ಟಿಗೆಯಲ್ಲಿ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಿ. ನಾರಿನ ಪುಡಿಯಲ್ಲಿ ಲವಣ ಇರುತ್ತದೆ. ನೀರಲ್ಲಿ ನೆನೆಸಿ, ಹಿಂಡಿ, ಆ ಕಂದು ನೀರನ್ನು ಎರಡು ಮೂರು ಸಲ ಚೆಲ್ಲಿದ ಮೇಲೆಯೇ ಬಳಸಿ. ಅದು ಸಿಗದಿದ್ದರೆ ಕೊಳೆತ ಒಣ ಎಲೆ ಸಾಕು. ಪುಕ್ಕಟೆ ಸಿಗುತ್ತದೆಂದು ಕಡಲ ದಂಡೆಯ ಮರಳನ್ನು ಮಾತ್ರ ಮುಟ್ಟಬೇಡಿ. ಕರಾವಳಿಯ ಮಣ್ಣಿಗೆ ಹುಳಿಯಂಶ ಹೆಚ್ಚು, ಹಾಗಾಗಿ ಗೊಬ್ಬರ ಸೇರಿಸುವ ಮೊದಲೇ ಬರಿ ಮಣ್ಣಿಗೆ, ಪೆಟ್ಟಿಗೆಗೊಂದು ಚಮಚದಂತೆ, ಸುಣ್ಣದ ಪುಡಿ ಬೆರೆಸಿಡಿ. ಗೊಬ್ಬರ ಸೇರಿಸುವುದು ಎರಡು ವಾರದ ನಂತರ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಪೆಟ್ಟಿಗೆಯನ್ನು ಎರಡು ಚಿರೆಕಲ್ಲಿನ ಮೇಲಿಟ್ಟರೆ ತೂತು ಕಟ್ಟುವುದಿಲ್ಲ. ಮಾಡಿನ ನೀರು ನೇರ ಬೀಳುವ ಜಾಗದಿಂದ ದೂರವಿರಲಿ. ಮಳೆ ಸಾರವನ್ನೆಲ್ಲ ತೊಳೆದುಕೊಂಡು ಹೋಗುವುದರಿಂದ ಗೊಬ್ಬರವನ್ನು ಒಮ್ಮೆಲೇ ಸುರಿಯದೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಕೊಡಿ. ಉಪ್ಪು ಹಾಕದೆ ಮೀನು ತೊಳೆದ ನೀರಿದ್ದರೆ ಇನ್ನಷ್ಟು ನೀರು ಬೆರೆಸಿ ಬುಡಕ್ಕೆ ಹಾಕಬಹುದು. ಬಸಳೆ ಅದಕ್ಕೆ ಚೆನ್ನಾಗಿ ಚಿಗುರುತ್ತದೆ. ಎಲೆಯ ಮೇಲೆ ಕೆಂಪಂಚಿನ ಚುಕ್ಕೆ ಕಂಡರೆ ಆ ಎಲೆಗಳನ್ನು ಕಿತ್ತು ದೂರ ಎಸೆಯಿರಿ.

ಇನ್ನು ನಿಮ್ಮ ಟೊಮೆಟೊ. ಬರೆದ ಲಕ್ಷಣ ನೋಡಿದರೆ ದುಂಡಾಣು ಸೊರಗು ರೋಗವೇ ಇರಬೇಕು. ಮುಂದೆ ಹೀಗಾದರೆ ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಲ್ಲಿ ಅದರ ತುದಿ ಅದ್ದಿ ಅಲುಗಾಡದಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕಾಂಡದಿಂದ ಹಾಲಿನಂಥ ಎಳೆ ಕೆಳಗೆ ಇಳಿದರೆ ಅದೇ ರೋಗ. ಔಷಧಿಗೆ ದುಡ್ಡು ಹಾಳುಮಾಡಬೇಡಿ, ಸೊರಗಿದ ಗಿಡ ಉಳಿಯುವುದಿಲ್ಲ. ಈ ರೋಗ ತಡೆಯುವ ತಳಿಗಳನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟಿದೆ: ಟೊಮೆಟೊದಲ್ಲಿ ಅರ್ಕಾ ರಕ್ಷಕ್, ಅರ್ಕಾ ಆಭಾ, ಬದನೆಯಲ್ಲಿ ಅರ್ಕಾ ಕೇಶವ್. ಅರ್ಕಾ ರಕ್ಷಕ್ ಹೈಬ್ರಿಡ್, ಪ್ರತಿ ಸಲ ಬೀಜ ಕೊಳ್ಳಬೇಕು. ಕೈ ಬಿಗಿ ಇರುವವರಿಗೆ ಆಭಾವೇ ಸೂಕ್ತ, ಹಣ್ಣಿನಿಂದ ಬೀಜ ತೆಗೆದಿಟ್ಟುಕೊಳ್ಳಬಹುದು. ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ ಸಸಿ ಮಾಡಿ. ಹಳೆಯ ಗಿಡ ಸತ್ತ ಮಣ್ಣಿಗೆ ಟೊಮೆಟೊ, ಬದನೆ, ಮೆಣಸು ಮತ್ತೆ ಬೇಡ. ಅದರಲ್ಲಿ ಬೆಂಡೆ ಅಥವಾ ಅಲಸಂದೆ ಹಾಕಿ.