ಚೆಂಡೆ ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ

ಕಳೆದ ವಾರ ಡೊಂಬಿವಲಿಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹೊತ್ತುಕೊಂಡು ಅಂಧೇರಿಯ ನನ್ನ ಎಡಿಟಿಂಗ್ ರೂಮಿಗೆ ಬಂದ. ಮಾಟುಂಗದಲ್ಲಿ ಆದ ಯಕ್ಷಗಾನದ ಮೂರು ಗಂಟೆಯ 4ಕೆ ರೆಕಾರ್ಡಿಂಗ್. ಪ್ಲೇ ಒತ್ತಿದರೆ ವೇಷಧಾರಿ ಗಿರಕಿಯ ಅರ್ಧಕ್ಕೇ ನಿಂತುಬಿಡುತ್ತಾನೆ.

‘ಅಣ್ಣಾ, ಹೊಸ ಲ್ಯಾಪ್‌ಟಾಪೇ ತಗೊಳ್ಳಬೇಕಾ?’

‘ಬೇಡ ಮಾರಾಯ’ ಅಂದೆ.

ತೊಂದರೆ ಇರುವುದು ಫೈಲಿನಲ್ಲಿ. ಎಚ್.264, ಎಚ್.265 ಅಂತ ವಿಡಿಯೋ ಕುಗ್ಗಿಸುವ ವಿಧಾನಗಳಿವೆ. ಅವುಗಳಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಒಂದು ಫ್ರೇಮನ್ನು, ಅಂದರೆ ಒಂದು ಬಿಡಿ ಚಿತ್ರವನ್ನು, ಪೂರ್ತಿ ಬರೆಯುತ್ತದೆ. ಮುಂದಿನ ಕೆಲವು ಫ್ರೇಮುಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ. ಒಂದನೇ ತಾರೀಕಿಗೆ ಒಟ್ಟು ಬಾಕಿ, ಆಮೇಲೆ ದಿನದಿನದ ಸಾಮಾನು ಮಾತ್ರ. ಹನ್ನೆರಡನೇ ತಾರೀಕಿಗೆ ಬಾಕಿ ಎಷ್ಟು ಅಂದರೆ ಒಂದರಿಂದ ಕೂಡುತ್ತಾ ಬರಬೇಕು. ಎಡಿಟರ್ ಕೆಲಸವೇ ಇಲ್ಲಿ ಕತ್ತರಿಸು, ಅಲ್ಲಿಗೆ ಹಾರು, ಹಿಂದಕ್ಕೆ ಓಡಿಸು ಅಲ್ವಾ? ಕೂಡಿ ಕೂಡಿ ಪ್ರೊಸೆಸರ್ ಸುಸ್ತಾಗುತ್ತದೆ. ಎಡಿಟಿಂಗಿಗೆ ಬಳಸುವ ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್ ಎಂಬ ವಿಧಾನಗಳಲ್ಲಿ ಪ್ರತಿ ಫ್ರೇಮಿಗೂ ಪೂರ್ತಿ ಲೆಕ್ಕ ಬರೆದಿರುತ್ತದೆ.

ಹಾಗಂತ ಎಲ್ಲವನ್ನೂ 4ಕೆ ಪ್ರೋರೆಸ್ 422ಗೆ ಪರಿವರ್ತಿಸಬೇಡಿ. ಅವನ ಕ್ಯಾಮೆರಾ ಫೈಲು ಸೆಕೆಂಡಿಗೆ 100 ಮೆಗಾಬಿಟ್, ಗಂಟೆಗೆ 45 ಜಿಬಿ. ಪರಿವರ್ತಿಸಿದರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 220 ಜಿಬಿ! ಕ್ವಾಲಿಟಿಯೇನೂ ಜಾಸ್ತಿ ಆಗುವುದಿಲ್ಲ, ಸುಮ್ನೆ ಡಿಸ್ಕ್ ತುಂಬುತ್ತದೆ. ಪ್ರಾಕ್ಸಿ, ಅಂದರೆ ಎಡಿಟಿಂಗಿಗೆ ಮಾತ್ರ ಬಳಸುವ ಹಗುರ ನಕಲು, ಸಾಕು: 1080ಪಿ, ಪ್ರೋರೆಸ್ 422 ಪ್ರಾಕ್ಸಿ, ಗಂಟೆಗೆ ಸುಮಾರು 17 ಜಿಬಿ. ಫ್ರೇಮ್ ರೇಟ್, ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು), ಆಡಿಯೋ ಟ್ರ್ಯಾಕ್ ಮೂಲದಲ್ಲಿ ಇದ್ದ ಹಾಗೇ ಇರಲಿ. ರಾತ್ರಿ ಪ್ರಾಕ್ಸಿ ಮಾಡಲು ಹಚ್ಚಿಟ್ಟು ಮನೆಗೆ ಹೋದೆವು.

ಬೆಳಿಗ್ಗೆ ಚಿತ್ರ ನೀರು ಹರಿದಂತೆ ಓಡಿತು. ಆದರೆ ಯಾರೋ ಫೋನಿನಲ್ಲಿ ತೆಗೆದ ಕ್ಲಿಪ್ ಬಂದಾಗ ಚೆಂಡೆಯ ಪೆಟ್ಟು ಮೊದಲು, ಹೆಜ್ಜೆ ಆಮೇಲೆ! ಎಷ್ಟೋ ಫೋನುಗಳು ಫ್ರೇಮ್ ರೇಟನ್ನು ಏರಿಳಿಸುತ್ತಾ ಬರೆಯುತ್ತವೆ. ಅಂಥ ಕ್ಲಿಪ್ಪಿಗೆ ಪ್ರಾಕ್ಸಿ ಸಾಲದು. ಮೂಲವನ್ನೇ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ (ಏರಿಳಿಯದ ಫ್ರೇಮ್ ರೇಟ್) ಆರಿಸಿ ಪರಿವರ್ತಿಸಿಕೊಂಡು, ಆ ಹೊಸ ಫೈಲನ್ನೇ ಟೈಮ್‌ಲೈನಿಗೆ ಹಾಕಬೇಕು.

ಎಕ್ಸ್‌ಪೋರ್ಟ್ ಒತ್ತುವ ಮುಂಚೆ ಪ್ರಾಕ್ಸಿಯ ಜಾಗಕ್ಕೆ ಮೂಲ ಫೈಲುಗಳು ಜೋಡಣೆಯಾಗಿವೆಯೇ ನೋಡು ಅಂತ ಅವನಿಗೆ ಎರಡು ಸಲ ಹೇಳಿದೆ. ಹಿಂದೊಮ್ಮೆ ನಾನೇ ಮರೆತು ಮದುವೆಯ ವಿಡಿಯೋವನ್ನು ಪ್ರಾಕ್ಸಿಯಿಂದಲೇ ಹೊರಡಿಸಿದ್ದೆ. ಹಾಲ್‌ನ ದೊಡ್ಡ ಪರದೆಯ ಮೇಲೆ ಮದುಮಗಳ ಸೀರೆಯ ಜರಿಯೆಲ್ಲ ಕಲಸಿಹೋಗಿತ್ತು. ಅವಳ ಅಜ್ಜಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.