ಬಿ.ಇ. ಮುಗಿಸಿ ಎಂ.ಎಸ್.ಗೆ ಹೋದವರು ಕಾಲೇಜು ತಂಡದಲ್ಲಿ ಆಡಬಹುದೇ? ಐದು ವರ್ಷದ ಲೆಕ್ಕ

ಅಮೆರಿಕದಲ್ಲಿ ಎಂ.ಎಸ್. ಓದುತ್ತಲೇ ವಿಶ್ವವಿದ್ಯಾಲಯದ ಟೆನಿಸ್ ಅಥವಾ ಅಥ್ಲೆಟಿಕ್ಸ್ ತಂಡ ಸೇರುವ ಆಸೆಯಿರುವವರಿಗೆ ಈ ಟಿಪ್ಪಣಿ. ಅಲ್ಲಿನ ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆಯಾದ ಎನ್‌ಸಿಎಎ, ಸ್ನಾತಕೋತ್ತರ ವಿದ್ಯಾರ್ಥಿ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡುವುದಿಲ್ಲ. ಪೂರ್ಣಾವಧಿ ಪ್ರವೇಶ, ಅಂಕಪಟ್ಟಿ, ಹವ್ಯಾಸಿ ಆಟಗಾರರೆಂಬ ದೃಢೀಕರಣ ಇವೆಲ್ಲ ಬೇಕು, ಆದರೆ ಅವು ಕಾಗದಪತ್ರದ ಕೆಲಸ. ತಲೆ ಕೆಡಿಸುವುದು ಕಾಲದ ಲೆಕ್ಕ.

ಎನ್‌ಸಿಎಎಯ ಅತಿ ಮೇಲಿನ ಹಂತವಾದ ಡಿವಿಷನ್ 1ರ ನಿಯಮ ಚಿಕ್ಕದು: ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು. ಈ ಐದು ವರ್ಷ ಯಾವಾಗ ಶುರುವಾಗುತ್ತದೆ ಎಂಬುದೇ ಮುಖ್ಯ. ಅಮೆರಿಕದಲ್ಲಿ ಕಾಲಿಟ್ಟ ದಿನದಿಂದಲ್ಲ. ಜಗತ್ತಿನ ಯಾವುದೇ ಕಾಲೇಜಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿಯಾಗಿ ಮೊದಲ ಸಲ ತರಗತಿಗೆ ಹೋದ ದಿನದಿಂದ. ಪಿಯುಸಿ ಹೈಸ್ಕೂಲ್ ಮಟ್ಟದ ಓದು, ಅದು ಬಿಟ್ಟುಹೋಗುತ್ತದೆ. ಆದರೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಿ.ಇ.ಯ ಮೊದಲ ತರಗತಿಯಲ್ಲಿ ಕುಳಿತಾಗಲೇ ಗಡಿಯಾರ ಓಡತೊಡಗುತ್ತದೆ. ಆ ಕಾಲೇಜಿನ ಪರವಾಗಿ ನೀವು ಒಂದು ಪಂದ್ಯವನ್ನೂ ಆಡದಿದ್ದರೂ ಅಷ್ಟೇ.

ಓಡತೊಡಗಿದ ಗಡಿಯಾರ ನಿಲ್ಲುವುದೂ ಇಲ್ಲ. ಸೈನ್ಯದ ಸೇವೆ, ಗರ್ಭಧಾರಣೆಯಂತಹ ಕೆಲವೇ ವಿನಾಯಿತಿಗಳಿವೆ; ಉದ್ಯೋಗ ಅವುಗಳಲ್ಲಿಲ್ಲ. ನಾನು ಬಳಸುವ ಸುಲಭ ಸೂತ್ರ: ಬಿ.ಇ. ಸೇರಿದ ವರ್ಷಕ್ಕೆ ಐದು ಕೂಡಿಸಿ. 2021ರ ಆಗಸ್ಟ್‌ನಲ್ಲಿ ಸೇರಿದವರಿಗೆ 2026ರ ಆಗಸ್ಟ್. 2025ರಲ್ಲಿ ಪದವಿ ಮುಗಿಸಿ ಅದೇ ಆಗಸ್ಟ್‌ನಲ್ಲಿ ಎಂ.ಎಸ್. ಸೇರಿದರೆ ಉಳಿಯುವುದು ಒಂದೇ ಶೈಕ್ಷಣಿಕ ವರ್ಷ. ಜನವರಿಗೆ ಮುಂದೂಡಿದರೆ ಕ್ರಾಸ್ ಕಂಟ್ರಿ ಓಟದಂತಹ ಶರತ್ಕಾಲದ ಆಟ ಕೈತಪ್ಪಿತು. ಎರಡು ವರ್ಷ ಬೆಂಗಳೂರಿನ ಕಂಪನಿಯಲ್ಲಿ ದುಡಿದು ಹೋದವರಿಗೆ ಡಿವಿಷನ್ 1ರ ಬಾಗಿಲು ಆಗಲೇ ಮುಚ್ಚಿರುತ್ತದೆ. ಎಷ್ಟು ಚೆನ್ನಾಗಿ ಆಡುವವರಾದರೂ ಇದು ಬದಲಾಗದು. ನನಗೆ ಇದು ನ್ಯಾಯವೆನಿಸುವುದಿಲ್ಲ, ಏಕೆಂದರೆ ನಮ್ಮಲ್ಲಿ ಅನೇಕರು ಸಾಲದ ಭಾರ ಇಳಿಸಿಕೊಳ್ಳಲು, ಹಣ ಕೂಡಿಸಲು ಮೊದಲು ಕೆಲಸಕ್ಕೆ ಸೇರುತ್ತಾರೆ.

ಅಂಥವರು ಅದರ ಕೆಳಗಿನ ಹಂತವಾದ ಡಿವಿಷನ್ 2 ನೋಡಬೇಕು. ಅಲ್ಲಿ ವರ್ಷಗಳ ಬದಲು ಸೆಮಿಸ್ಟರ್ ಎಣಿಸುತ್ತಾರೆ: ಪೂರ್ಣಾವಧಿ ಓದಿನ ಹತ್ತು ಸೆಮಿಸ್ಟರ್. ಬಿ.ಇ.ಗೆ ಎಂಟು ಹೋದರೆ ಎರಡು ಉಳಿದವು, ಮತ್ತು ಉದ್ಯೋಗದಲ್ಲಿದ್ದ ಕಾಲ ಈ ಎಣಿಕೆಗೆ ಸೇರುವುದಿಲ್ಲ. ಉಳಿದ ಸೀಸನ್‌ಗಳ ಲೆಕ್ಕ ಬೇರೆಯೇ ಇರುತ್ತದೆ, ಹಾಗಾಗಿ ಎಲ್ಲಿ, ಯಾವ ತಂಡದ ಪರವಾಗಿ, ಯಾವ ವರ್ಷ ಆಡಿದಿರಿ ಎಂಬ ಪಟ್ಟಿ ಬರೆದಿಟ್ಟುಕೊಳ್ಳಿ.

ಆ ಪಟ್ಟಿಯನ್ನು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಕಚೇರಿಗೆ, ಬಿ.ಇ. ಸೇರಿದ ದಿನಾಂಕದೊಂದಿಗೆ, ಅರ್ಜಿ ಹಾಕುವ ಹಂತದಲ್ಲೇ ಕಳುಹಿಸಿ. ತರಬೇತುದಾರರು ಒಪ್ಪಿದರೂ ಅರ್ಹತೆಯನ್ನು ಪರಿಶೀಲಿಸುವುದು ಆ ಕಚೇರಿಯೇ.

ಕ್ರಿಕೆಟ್, ಬ್ಯಾಡ್ಮಿಂಟನ್ ಆಡುವವರಿಗೆ ಈ ತಲೆನೋವಿಲ್ಲ. ಅವು ಎನ್‌ಸಿಎಎ ಚಾಂಪಿಯನ್‌ಷಿಪ್ ಆಟಗಳಲ್ಲ. ವಿದ್ಯಾರ್ಥಿಗಳೇ ನಡೆಸುವ ಕ್ಲಬ್‌ಗಳಲ್ಲಿ ಆಡುತ್ತಾರೆ, ಅಲ್ಲಿ ಸಾಮಾನ್ಯವಾಗಿ ಎಂ.ಎಸ್., ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಜಾಗವಿರುತ್ತದೆ.