ಲೆದರ್ ಸೀಟಿಗೆ ಕಂಡೀಷನರ್ ಎಷ್ಟು ದಿನಕ್ಕೊಮ್ಮೆ ಹಚ್ಚಬೇಕು?

ಪ್ರಶ್ನೆ: ನನ್ನದು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ತಿಂಗಳಿಗೊಮ್ಮೆ ತಪ್ಪದೆ ಸೀಟಿಗೆ ಕಂಡೀಷನರ್ ಹಚ್ಚುತ್ತೇನೆ. ಆದರೂ ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಅಂಚು ಮಿರಮಿರ ಹೊಳೆಯುತ್ತಿದೆ, ಸಣ್ಣ ಬಿರುಕೂ ಕಾಣಿಸಿಕೊಂಡಿದೆ. ಇನ್ನೂ ಜಾಸ್ತಿ ಹಚ್ಚಬೇಕಾ?

ಬೇಡ. ಹಚ್ಚುವುದನ್ನು ಕಡಿಮೆ ಮಾಡಿ, ಒರೆಸುವುದನ್ನು ಜಾಸ್ತಿ ಮಾಡಿ.

ಚರ್ಮ ಅಂದ ಕೂಡಲೇ ಒಣಗಿತು, ಎಣ್ಣೆ ಹಚ್ಚಬೇಕು ಅಂತ ನಮಗೆ ಅನಿಸುತ್ತದೆ, ಅಲ್ವಾ? ಈಗಿನ ಕಾರುಗಳ ಸೀಟು ಹಾಗಲ್ಲ. ಚರ್ಮವನ್ನು ಹದ ಮಾಡುವಾಗಲೇ ಅದರ ಎಳೆಗಳಿಗೆ ಬೇಕಾದ ಎಣ್ಣೆ ಸೇರಿಸಿರುತ್ತಾರೆ. ಆಮೇಲೆ ಬಣ್ಣ ಬಳಿದು, ಅದರ ಮೇಲೆ ಸಾಮಾನ್ಯವಾಗಿ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್‌ನ ತೆಳು ಲೇಪನ ಕೊಟ್ಟಿರುತ್ತಾರೆ. ನಿಮ್ಮ ಕೈಗೆ ಸಿಗುವುದು ಆ ಲೇಪನ, ಚರ್ಮವಲ್ಲ. ಕಂಡೀಷನರ್‌ನ ಹೆಚ್ಚಿನ ಪಾಲು ಒಳಗೆ ಇಳಿಯದೆ ಅಲ್ಲೇ ಮೇಲೆ ಕೂರುತ್ತದೆ. ಅದಕ್ಕೆ ಧೂಳು ಅಂಟುತ್ತದೆ.

ನಿಮ್ಮ ಸೀಟು ಯಾವ ಬಗೆಯದು ಅಂತ ತಿಳಿಯಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮಣಿಯಂತೆ ನಿಂತರೆ ಲೇಪನ ಇದೆ. ನೀರು ಹೀರಿಕೊಂಡು ಆ ಜಾಗ ಕಪ್ಪಾದರೆ ಅದು ಲೇಪನ ಇಲ್ಲದ ಅನಿಲಿನ್ ಲೆದರ್, ಇಲ್ಲವೇ ಲೇಪನ ಸವೆದುಹೋಗಿದೆ ಅಂತ ಅರ್ಥ. ಅನಿಲಿನ್ ಆದರೆ ಕಂಡೀಷನರ್ ನಿಜಕ್ಕೂ ಒಳಗಿಳಿಯುತ್ತದೆ, ಬೇಗ ಕಲೆಯೂ ಆಗುತ್ತದೆ. ಅದಕ್ಕೆಂದೇ ಬರುವ ಕ್ಲೀನರನ್ನೇ ಬಳಸಿ.

ಇನ್ನು ಆ ಹೊಳಪು. ಹೊಸ ಸೀಟನ್ನು ನೆನಪಿಸಿಕೊಳ್ಳಿ, ಅದು ಹೊಳೆಯುವುದಿಲ್ಲ. ಮಂಕಾಗಿ, ಮೃದುವಾಗಿ ಕಾಣುತ್ತದೆ. ಹಳೆ ಸೀಟಿನ ಮೇಲಿನ ಮಿರುಗು ಬಹಳಷ್ಟು ಸಲ ಬೆವರು, ಮೈ ಜಿಡ್ಡು, ಧೂಳು, ಹಿಂದಿನ ಕಂಡೀಷನರ್ ಎಲ್ಲ ಸೇರಿ ಕಟ್ಟಿದ ಪದರ. ಸ್ಪೋರ್ಟ್ಸ್ ಕಾರಿನಲ್ಲಿ ಇದು ಬಾಗಿಲ ಕಡೆಯ ಅಂಚಿನಲ್ಲೇ ಯಾಕೆ ಜಾಸ್ತಿ? ಕಾರು ತಗ್ಗು. ತಿರುವಿನಲ್ಲಿ ಮೈ ಜಾರದಿರಲಿ ಅಂತ ಸೀಟಿನ ಎರಡೂ ಬದಿ ದಿಂಬಿನಂತೆ ಎತ್ತರಿಸಿರುತ್ತಾರೆ. ಹತ್ತುವಾಗ, ಇಳಿಯುವಾಗ ನಾವು ಅದರ ಮೇಲೇ ಜಾರುತ್ತೇವೆ. ಅಲ್ಲಿ ಕೂತ ಧೂಳು ಪ್ರತಿ ಸಲವೂ ಉಪ್ಪುಕಾಗದದ ಹಾಗೆ ಲೇಪನವನ್ನು ಉಜ್ಜುತ್ತದೆ. ಅದಕ್ಕೇ ಇಡೀ ಸೀಟಿಗೆ ಒಂದೇ ಲೆಕ್ಕ ಇಟ್ಟುಕೊಳ್ಳಬೇಡಿ. ಈ ಅಂಚನ್ನು ವಾರಕ್ಕೊಮ್ಮೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಎರಡೇ ನಿಮಿಷದ ಕೆಲಸ. ಪಕ್ಕದ ಸೀಟು ಎರಡು ತಿಂಗಳು ಕಾದರೂ ಪರವಾಗಿಲ್ಲ.

ಚೆನ್ನಾಗಿ ತೊಳೆಯುವ ದಿನ ಮೊದಲು ವ್ಯಾಕ್ಯೂಮ್ ಮಾಡಿ. ಹೊಲಿಗೆಯ ಸಾಲು, ಸೀಟಿನ ಸಂದು ಬಿಡಬೇಡಿ. ಮರಳು ಹಾಗೇ ಇದ್ದು ಬ್ರಷ್ ಹಾಕಿದರೆ ನಾವೇ ಗೀರು ಹಾಕಿದಂತೆ. ಆಮೇಲೆ ಲೆದರ್ ಕ್ಲೀನರನ್ನು ಬ್ರಷ್‌ಗೆ ಹಾಕಿಕೊಳ್ಳಿ, ಸೀಟಿನ ಮೇಲೆ ನೇರವಾಗಿ ಸಿಂಪಡಿಸಬೇಡಿ. ಸಣ್ಣ ತೂತುಗಳಿರುವ ಸೀಟಾದರೆ ಇದು ಇನ್ನೂ ಮುಖ್ಯ. ಕೆಳಗೆ ಸ್ಪಂಜು, ಕೆಲವು ಕಾರುಗಳಲ್ಲಿ ಹೀಟರ್ ತಂತಿ, ಫ್ಯಾನ್ ಎಲ್ಲ ಇರುತ್ತವೆ. ಒಂದೊಂದು ಗೇಣಿನಷ್ಟೇ ಜಾಗ ತೆಗೆದುಕೊಂಡು, ಮೆತ್ತನೆ ಬ್ರಷ್‌ನಿಂದ ಒತ್ತದೆ ಉಜ್ಜಿ. ನೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಒಣಗುವ ಮೊದಲೇ ಒರೆಸಿಬಿಡಿ.

ಸೋಪು, ಬಟ್ಟೆ ಒಗೆಯುವ ಪುಡಿ ಬೇಡ. ಹದ ಮಾಡಿದ ಚರ್ಮ ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಕಡೆಗಿರುತ್ತದೆ, ಪಿಎಚ್ 7ಕ್ಕಿಂತ ಕೆಳಗೆ. ಸೋಪು 9–10ರ ಆಸುಪಾಸು, ಅಂದರೆ ಕ್ಷಾರ, ಅದು ಚರ್ಮಕ್ಕೆ ಒಗ್ಗುವುದಿಲ್ಲ. ಜೀನ್ಸ್‌ನ ನೀಲಿ ಹತ್ತಿದಾಗ ಅನೇಕರು ಮೆಲಮೈನ್ ಸ್ಪಂಜು ಹಿಡಿಯುತ್ತಾರೆ. ಕಲೆ ಹೋಗುತ್ತದೆ ನಿಜ, ಆದರೆ ಆ ಸ್ಪಂಜು ತುಂಬಾ ನಯವಾದ ಉಪ್ಪುಕಾಗದವೇ. ಕಲೆಯ ಜೊತೆ ಲೇಪನವೂ ಹೋಗುತ್ತದೆ. ನೀಲಿ ಕಂಡ ವಾರವೇ ಕ್ಲೀನರ್‌ನಿಂದ ಒರೆಸಿದರೆ ಅಷ್ಟು ದೂರ ಹೋಗಬೇಕಿಲ್ಲ.

ಒಂದು ಎಚ್ಚರ. ಸ್ಪೋರ್ಟ್ಸ್ ಕಾರಿನ ಸೀಟಿನಲ್ಲಿ ನಡುವಿನ ಭಾಗ ಎಷ್ಟೋ ಸಲ ಲೆದರ್ ಆಗಿರುವುದಿಲ್ಲ, ಅಲ್ಕಾಂಟರಾ ಆಗಿರುತ್ತದೆ. ಜಪಾನಿನ ಟೋರೇ ಕಂಪನಿಯ ಮಿಯೋಶಿ ಒಕಾಮೊಟೊ 1970ರಲ್ಲಿ ರೂಪಿಸಿದ, ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನ್ ಸೇರಿದ ವಸ್ತು ಅದು. ಅದಕ್ಕೆ ಲೆದರ್ ಕಂಡೀಷನರ್ ತಾಗಿದರೆ ನವಿರು ಎಳೆಗಳು ಮೆತ್ತಿಕೊಂಡು ಹಲಗೆಯಂತಾಗುತ್ತವೆ. ಅಲ್ಲಿಗೆ ಒದ್ದೆ ಬಟ್ಟೆ, ಒಣಗಿದ ಮೇಲೆ ಮೆತ್ತನೆ ಬ್ರಷ್, ಅಷ್ಟೇ ಸಾಕು.

ಹಾಗಾದರೆ ಕಂಡೀಷನರ್ ಬೇಡವೇ ಬೇಡವಾ? ಲೇಪನ ಇರುವ ಸೀಟಿಗೆ ವರ್ಷಕ್ಕೆ ಎರಡು ಸಲ, ತೊಳೆದ ಮೇಲೆ, ತೀರಾ ತೆಳುವಾಗಿ ಹಚ್ಚಿದರೆ ನನ್ನ ಪ್ರಕಾರ ಸಾಕು. ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕೈಗೆ ಜಿಡ್ಡು ಹತ್ತಿದರೆ ಜಾಸ್ತಿ ಆಯಿತು ಅಂತ ಲೆಕ್ಕ. ಹೊಳಪು ಕೊಡುವ ಸಿಲಿಕೋನ್ ದ್ರಾವಣಗಳಿಂದ ದೂರವಿರಿ. ಸೀಟು ಜಾರುತ್ತದೆ. ತಿರುವಿನಲ್ಲಿ ಹಿಡಿದುಕೊಳ್ಳಲೆಂದೇ ಮಾಡಿದ ಸೀಟನ್ನು ಜಾರುವಂತೆ ಮಾಡಿಕೊಂಡರೆ ಅಪಾಯ. ಆಲಿವ್ ಎಣ್ಣೆಯಂಥ ಅಡುಗೆ ಎಣ್ಣೆಗಳೂ ಬೇಡ, ಕಮಟು ವಾಸನೆ ಬರುತ್ತದೆ. ಅದಕ್ಕಿಂತ ಕಾರನ್ನು ನೆರಳಲ್ಲಿ ನಿಲ್ಲಿಸಿ. ಬಿಸಿಲಿನ ನೇರಳಾತೀತ (ಯುವಿ) ಕಿರಣಗಳು ಸೀಟನ್ನು ಹಾಳು ಮಾಡುತ್ತವೆ. ಕಿಟಕಿಯ ಗಾಜು ಅದರಲ್ಲಿ ಯುವಿ-ಬಿ ಬಗೆಯನ್ನು ಬಹುಮಟ್ಟಿಗೆ ತಡೆದರೂ ಯುವಿ-ಎ ಬಗೆಯವು ಸಾಕಷ್ಟು ಒಳಗೆ ಬರುತ್ತವೆ.

ಈಗಾಗಲೇ ಬಿದ್ದ ಬಿರುಕು ಕಂಡೀಷನರ್‌ನಿಂದ ಕೂಡುವುದಿಲ್ಲ. ಅದಕ್ಕೆ ಫಿಲ್ಲರ್ ತುಂಬಿ, ಬಣ್ಣ ಹೊಂದಿಸಿ, ಮತ್ತೆ ಲೇಪನ ಕೊಡಬೇಕು. ಲೆದರ್ ರಿಪೇರಿ ಗೊತ್ತಿರುವವರಿಗೇ ಬಿಡಿ. ಜಿಡ್ಡಿರುವ ಕಡೆ ಬಣ್ಣ ಹಿಡಿಯುವುದಿಲ್ಲ, ಹಾಗಾಗಿ ರಿಪೇರಿ ಆಗುವವರೆಗೆ ಆ ಅಂಚಿಗೆ ಏನನ್ನೂ ಹಚ್ಚಬೇಡಿ. ಒದ್ದೆ ಬಟ್ಟೆಯಲ್ಲಿ ಸುಮ್ನೆ ಒರೆಸುತ್ತಿರಿ.